ನೋಟಿಸ್ ಅಂಟಿಸುವ ಮೊದಲು ಕೇಳಿ ನೋಡಿ

ಪ್ರಮೋಷನ್ ಸಿಕ್ಕಿದೆ. ಸೆಕ್ಷನ್ನಿನ ಜವಾಬ್ದಾರಿ ನಿಮ್ಮ ಹೆಗಲೇರಿದೆ. ಶಿಫ್ಟ್ ಬದಲಾಗಬೇಕು, ಹಳೇ ರಿಜಿಸ್ಟರ್ ಹೋಗಿ ಎಲ್ಲ ಕಂಪ್ಯೂಟರಿಗೆ ಬರಬೇಕು ಎಂದು ಸೋಮವಾರ ಬೆಳಿಗ್ಗೆಯೇ ನೋಟಿಸ್ ಅಂಟಿಸಿದ್ದೂ ಆಯ್ತು. ಆದರೆ ಯಾರೂ ಕದಲುತ್ತಿಲ್ಲ! 'ಇಷ್ಟು ವರ್ಷ ಹೀಗೇ ಮಾಡ್ಕೊಂಡು ಬಂದಿಲ್ವಾ ಮೇಡಂ?' ಎನ್ನುವ ಮಾತು ಬೇರೆ. ಇವರಿಗೆಲ್ಲ ಮೈಗಳ್ಳತನ ಎಂದು ತೀರ್ಮಾನಿಸುವ ಮುನ್ನ ಸ್ವಲ್ಪ ತಡೆಯಿರಿ.

ಅಮೆರಿಕದ ವರ್ಜೀನಿಯಾದಲ್ಲಿ ಹಾರ್‌ವುಡ್ ಎಂಬ ಪೈಜಾಮ ಕಾರ್ಖಾನೆಯಿತ್ತು. ಕೆಲಸಗಾರರಲ್ಲಿ ಹೆಚ್ಚಿನವರು ಹೆಂಗಸರು. ಅಲ್ಲಿ ಲೆಸ್ಟರ್ ಕಾಕ್ ಮತ್ತು ಜಾನ್ ಫ್ರೆಂಚ್ ನಡೆಸಿದ ಪ್ರಯೋಗದ ವರದಿ 1948ರಲ್ಲಿ ಪ್ರಕಟವಾಯಿತು. ಬದಲಾವಣೆ ದೊಡ್ಡದೇನಲ್ಲ. ಇಸ್ತ್ರಿ ಮಾಡುವವರು ಅರ್ಧ ಡಜನ್ ಪೈಜಾಮಗಳನ್ನು ರಟ್ಟಿನ ಮೇಲೆ ಪೇರಿಸುತ್ತಿದ್ದರು, ಇನ್ನು ಮುಂದೆ ಪೆಟ್ಟಿಗೆಯೊಳಗೆ ಪೇರಿಸಬೇಕು, ಅಷ್ಟೆ. ಜತೆಗೆ ಪೀಸ್ ರೇಟೂ ಬದಲಾಯಿತು. ಈ ಗುಂಪಿಗೆ ಮೀಟಿಂಗ್ ಕರೆದು ವಿಷಯ ತಿಳಿಸಿ, ಪ್ರಶ್ನೆಗಳಿಗೆ ಉತ್ತರ ಹೇಳಿ ಕಳಿಸಿದರು. 40 ದಿನದೊಳಗೆ ನೂರಕ್ಕೆ 17 ಮಂದಿ ಕೆಲಸ ಬಿಟ್ಟರು. ಉಳಿದವರ ಕೆಲಸವೂ ಮೇಲೇಳಲಿಲ್ಲ.

ಬೇರೆ ಎರಡು ಗುಂಪುಗಳಲ್ಲಿ ಎಲ್ಲರನ್ನೂ ಕೂರಿಸಿಕೊಂಡು, ಖರ್ಚು ಯಾಕೆ ತಗ್ಗಿಸಬೇಕು, ಯಾವ ಕೆಲಸ ಅನಗತ್ಯ ಎಂದು ಅವರನ್ನೇ ಕೇಳಿದರು. ಹೊಸ ರೇಟು ಕಟ್ಟುವಾಗಲೂ ಅವರನ್ನು ಸೇರಿಸಿಕೊಂಡರು. ಆ ಗುಂಪುಗಳು ಬೇಗನೆ ಚೇತರಿಸಿಕೊಂಡವು. ಕೆಲಸ ಮೊದಲಿಗಿಂತ ಸುಮಾರು ಶೇ 14ರಷ್ಟು ಹೆಚ್ಚಿತು. ಒಬ್ಬರೂ ಕೆಲಸ ಬಿಡಲಿಲ್ಲ. ಎರಡೂವರೆ ತಿಂಗಳ ನಂತರ ಮೊದಲ ಗುಂಪಿನಲ್ಲಿ ಉಳಿದಿದ್ದ 13 ಮಂದಿಗೆ ಇನ್ನೊಂದು ಹೊಸ ಕೆಲಸ ಕೊಟ್ಟು, ಈ ಸಲ ಅವರನ್ನೂ ಕೇಳಿ ಮಾಡಿದರು. ಅವರೂ ಮೇಲೆದ್ದರು. 'ಇವರ ಕೈಲಾಗಲ್ಲ' ಎನ್ನಿಸಿಕೊಂಡಿದ್ದ ಅದೇ ಹೆಂಗಸರು!

ನಮ್ಮ ಬೆಂಗಳೂರಿನ ಗಾರ್ಮೆಂಟ್ಸ್ ಲೈನಿನಲ್ಲಿ ಸೂಪರ್‌ವೈಸರ್ ಆಗಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟಾರ್ಗೆಟ್ ಬದಲಾದ ದಿನ ಲೈನಿನಲ್ಲಿ ಮುಖಗಳು ಹೇಗಿರುತ್ತವೆ ಎಂದು ಅವರಿಗೆ ಗೊತ್ತು.

ಹಾಗಾದರೆ ನೀವೇನು ಮಾಡಬೇಕು? ಮೊದಲು ಕಾಯಿಲೆ ಯಾವುದು ನೋಡಿ, ಆಮೇಲೆ ಮದ್ದು. ಕೆಲಸ ಬರದಿದ್ದರೆ ತರಬೇತಿ ಕೊಡಿಸಿ. ಬಿಲ್ ಪಾಸ್ ಮಾಡುವುದು ನಾನಾ, ಅವಳಾ ಎಂಬ ಗೊಂದಲವಿದ್ದರೆ ತರಬೇತಿಯಿಂದ ಏನೂ ಆಗದು; ಯಾರ ಕೆಲಸ ಯಾವುದು ಎಂದು ಎಲ್ಲರೆದುರು ಬರೆದು ಒಪ್ಪಿಸಿಕೊಳ್ಳಿ. ಇಬ್ಬರ ನಡುವೆ ಮಾತೇ ನಿಂತಿದ್ದರೆ ಇಬ್ಬರಿಗೂ ಬೇಕಾದ ಮೂರನೆಯವರನ್ನು ಕೂರಿಸಿ ಮಾತಾಡಿಸಿ. ಎಲ್ಲದಕ್ಕೂ ರೆಸಾರ್ಟಿಗೆ ಕರೆದೊಯ್ದು ಹಗ್ಗ ಎಳೆಸುವ ಕಂಪನಿಗಳಿವೆ. ಓವರ್‌ಟೈಮ್ ದುಡ್ಡು ಸರಿಯಾಗಿ ಬರುತ್ತಿಲ್ಲ ಎಂದು ಕೊರಗುತ್ತಿರುವವಳು ಹಗ್ಗ ಎಳೆದು ಏನು ಮಾಡಿಯಾಳು ಹೇಳಿ?

ಕಾಯಿಲೆ ತಿಳಿಯಲು ಹೆಸರು ಬರೆಯದ ಚೀಟಿ ಸಾಕು. 'ಯಾವ ಕೆಲಸದಲ್ಲಿ ಹೆಚ್ಚು ಹೊತ್ತು ವ್ಯರ್ಥವಾಗುತ್ತೆ?' ಎಂಬಂಥ ಎರಡು ಮೂರು ಪ್ರಶ್ನೆ ಕೇಳಿ. ಬಂದ ಉತ್ತರಗಳನ್ನು ಡ್ರಾಯರಿನಲ್ಲಿ ಬಚ್ಚಿಡಬೇಡಿ, ವಾರದೊಳಗೆ ಎಲ್ಲರೆದುರು ಓದಿ. ನಿಮ್ಮ ಬಗ್ಗೆ ಖಾರವಾಗಿ ಬರೆದಿದ್ದರೂ ಓದಿ. ಅಕ್ಷರ ನೋಡಿ 'ಇದು ಅವಳದ್ದೇ' ಎಂದು ಪತ್ತೆ ಮಾಡಲು ಹೊರಟಿರೋ, ಮುಂದಿನ ಸಲ ಖಾಲಿ ಚೀಟಿಗಳೇ ಬರುತ್ತವೆ.

ಇನ್ನೊಂದು ಮಾತು. ಮೇಲಿನವರು ಆಗಲೇ ತೀರ್ಮಾನಿಸಿಬಿಟ್ಟಿದ್ದರೆ ಅಭಿಪ್ರಾಯ ಕೇಳುವ ನಾಟಕ ಬೇಡ. 'ಇದು ಬದಲಾಗಲ್ಲ, ಹೇಗೆ ಮಾಡೋದು ಅನ್ನೋದು ಮಾತ್ರ ನಮ್ಮ ಕೈಲಿದೆ' ಎಂದು ನೇರವಾಗಿ ಹೇಳಿಬಿಡಿ. ಹೊಸ ಪದ್ಧತಿಯನ್ನು ಮೊದಲು ಒಂದೇ ಟೇಬಲ್‌ನಲ್ಲಿ ಆರು ವಾರ ನಡೆಸಿ ನೋಡಿ. ಅದು ಸರಿಹೋಗದಿದ್ದರೆ ಬಿಡುವ ಹಕ್ಕು ಅವರಿಗೂ ಇರಲಿ. ಆರು ವಾರ ಮುಗಿಯುವ ದಿನವನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಬಿಡಿ, ಎಲ್ಲರಿಗೂ ಕಾಣುವ ಹಾಗೆ.