ಲಸಿಕೆಯ ಮಾನ್ಯತೆ ಮತ್ತು ಪ್ರಮಾಣಪತ್ರದ ಮಾನ್ಯತೆ

ವಿದೇಶಪ್ರಯಾಣಕ್ಕೆ ಲಸಿಕೆ ಮಾನ್ಯವಾದರಷ್ಟೇ ಸಾಲದು; ಅದನ್ನು ಪಡೆದುದಕ್ಕೆ ಸಾಕ್ಷಿಯಾದ ಪ್ರಮಾಣಪತ್ರವೂ ಮಾನ್ಯವಾಗಬೇಕು. ಈ ಭೇದವನ್ನು 2021ರ ಕೋವಿಶೀಲ್ಡ್ ಪ್ರಸಂಗದಿಂದ ನಾವು ಸ್ಪಷ್ಟವಾಗಿ ಅರಿಯಬಹುದು. ಪುಣೆಯಲ್ಲಿ ತಯಾರಾದ ಇದು ಆಕ್ಸ್‌ಫರ್ಡ್-ಆಸ್ಟ್ರಾಜೆನೆಕಾ ಲಸಿಕೆಯೇ; ವಿಶ್ವ ಆರೋಗ್ಯ ಸಂಸ್ಥೆಯು ಫೆಬ್ರವರಿ 15ರಂದೇ ಇದನ್ನು ತುರ್ತುಬಳಕೆಯ ಪಟ್ಟಿಗೆ ಸೇರಿಸಿತ್ತು. ಸೆಪ್ಟೆಂಬರ್ 22ರಂದು ಬ್ರಿಟನ್ ಲಸಿಕೆಯನ್ನೇನೋ ಒಪ್ಪಿತು. ಭಾರತದ ಪ್ರಮಾಣಪತ್ರವನ್ನು ಒಪ್ಪಲಿಲ್ಲ. ಹೀಗಾಗಿ ಎರಡೂ ಬಾರಿ ಲಸಿಕೆ ಪಡೆದವರಿಗೂ ಅಲ್ಲಿ ಹತ್ತು ದಿನಗಳ ಪ್ರತ್ಯೇಕವಾಸ ತಪ್ಪಲಿಲ್ಲ. ಅಕ್ಟೋಬರ್ 4ರಿಂದ ಭಾರತವೂ ಬ್ರಿಟಿಷ್ ಪ್ರಜೆಗಳಿಗೆ ಅದೇ ನಿಯಮವನ್ನು ವಿಧಿಸಿತು. ಅಕ್ಟೋಬರ್ 11ರಿಂದ ಬ್ರಿಟನ್ ತನ್ನ ನಿರ್ಬಂಧವನ್ನು ತೆರವುಮಾಡಿತು.

ಪೀತಜ್ವರದ ವಿಷಯದಲ್ಲಾದರೋ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿಯು ಏಕರೂಪದ ಪ್ರಮಾಣಪತ್ರವನ್ನು ಗೊತ್ತುಪಡಿಸಿದೆ. 2016ರ ಜುಲೈ 11ರಿಂದ ಅದು ಜೀವನಪರ್ಯಂತ ಮಾನ್ಯ. ಇಂತಹ ಪೂರ್ವಸಮ್ಮತಿ ಇಲ್ಲದೆಡೆ ಕ್ಲೇಶಕ್ಕೆ ಗುರಿಯಾಗುವವನು ಪ್ರಯಾಣಿಕನೇ ಎಂಬುದು ನಮ್ಮ ಅಭಿಪ್ರಾಯ.