ಗುಡಾಣದ ತಂಪು, ಅರವಟ್ಟಿಗೆಯ ನಲಿವು

ಶ್ರೀರಾಮನವಮಿಯ ವೇಳೆಗೆ ರಾಮನಗರದ ಸುತ್ತಣ ಬಂಡೆಗಳು ಕಾದು ನಿಂತಿರುತ್ತವೆ. ಆ ದಿನ ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರಗಳ ಬೀದಿಗಳಲ್ಲಿ ಚಪ್ಪರ ಹಾಕಿ, ಬಂದವರಿಗೆಲ್ಲ ಪಾನಕ, ನೀರುಮಜ್ಜಿಗೆ, ಕೋಸಂಬರಿಗಳನ್ನು ಹಂಚುವುದು ವಾಡಿಕೆ. ಕೆಲವರು ಅಷ್ಟಕ್ಕೇ ನಿಲ್ಲಿಸದೆ ಬೇಸಗೆ ಮುಗಿಯುವವರೆಗೂ ನೀರಿನ ಅರವಟ್ಟಿಗೆ ನಡೆಸುತ್ತಾರೆ. ಪರೀಕ್ಷೆ ಮುಗಿಸಿ ರಜೆಯಲ್ಲಿರುವ ವಿದ್ಯಾರ್ಥಿಗಳಿಗೂ ಎಟುಕುವ ಕೆಲಸವಿದು.

ಒಂದು ವರ್ಷ ನಮ್ಮ ವಿದ್ಯಾರ್ಥಿಗಳು ಇಂತಹ ಅರವಟ್ಟಿಗೆಯೊಂದನ್ನು ಇಟ್ಟರು. ಹಬ್ಬದ ಸಡಗರದಲ್ಲಿ ಎರಡು ಗುಡಾಣಗಳ ಪೈಕಿ ಒಂದಕ್ಕೆ ಎಣ್ಣೆಬಣ್ಣ ಬಳಿದು ಚಿತ್ತಾರ ಬರೆದರು. ಭೌತಶಾಸ್ತ್ರ ಬೋಧಿಸುವ ನಾವು ಅದನ್ನು ತಡೆಯುವ ಬದಲು ಹೊಗಳುತ್ತ ನಿಂತಿದ್ದೆವು! ನಡುಮಧ್ಯಾಹ್ನ ದಣಿದು ಬಂದ ಅಜ್ಜಿಯೊಬ್ಬರು ಒಂದು ಗುಟುಕು ಕುಡಿದು, "ಏನ್ರಪ್ಪಾ, ನೀರ್ ಕಾಯ್ಸಿಟ್ಟಿದ್ದೀರಾ?" ಎಂದು ಕೇಳಿದರು. ಬಣ್ಣವಿಲ್ಲದ ಗುಡಾಣದಿಂದ ತುಂಬಿಕೊಟ್ಟ ಮೇಲೆ ಎರಡು ಲೋಟ ಕುಡಿದು ನೆರಳಿನಲ್ಲಿ ಕುಳಿತರು.

ಒಂದೇ ಬಾವಿಯ ನೀರು, ಒಂದೇ ನೆರಳು. ಹೀಗಿರಲು ಈ ವ್ಯತ್ಯಾಸವೆಲ್ಲಿಂದ ಬಂದಿತು? ಸುಟ್ಟ ಮಣ್ಣಿನಲ್ಲಿ ಅಸಂಖ್ಯ ಸೂಕ್ಷ್ಮರಂಧ್ರಗಳಿವೆ. ಅವುಗಳ ಮೂಲಕ ನೀರು ಹೊರಮೈಗೆ ಜಿನುಗಿ ಗಾಳಿಯಲ್ಲಿ ಆವಿಯಾಗುತ್ತದೆ. ಹೆಚ್ಚು ವೇಗವುಳ್ಳ ಅಣುಗಳು ಹಾರಿಹೋದ ಮೇಲೆ ಉಳಿದವುಗಳ ಸರಾಸರಿ ಶಕ್ತಿ ಕುಗ್ಗುತ್ತದೆ. ಉಷ್ಣತೆ ಇಳಿಯುವುದೆಂದರೆ ಇದೇ. 30 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿ 1 ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಗುಪ್ತೋಷ್ಣ ಬೇಕು. 10 ಲೀಟರು ನೀರನ್ನು 8 ಡಿಗ್ರಿ ತಣಿಸಲು 80,000 ಕ್ಯಾಲೊರಿ ತೆಗೆಯಬೇಕಷ್ಟೆ. ಲೆಕ್ಕ ಹಾಕಿದರೆ ಸುಮಾರು 140 ಗ್ರಾಂ, ಎಂದರೆ ಒಂದು ಸಣ್ಣ ಲೋಟದ ನೀರು ಆವಿಯಾದರೆ ಸಾಕು! ಹೊರಗಿನ ಶಾಖ ಒಳನುಗ್ಗುತ್ತಲೇ ಇರುವುದರಿಂದ ವಾಸ್ತವದಲ್ಲಿ ಇನ್ನಷ್ಟು ಬೇಕಾದೀತು. ಎಣ್ಣೆಬಣ್ಣವು ರಂಧ್ರಗಳನ್ನು ಮುಚ್ಚಿ ಈ ವ್ಯಾಪಾರವನ್ನೇ ನಿಲ್ಲಿಸಿತ್ತು. ಗಾಳಿಯಲ್ಲಿ ತೇವ ಹೆಚ್ಚಿರುವ ಮಂಗಳೂರಿನಂತಹ ಕಡೆ ಗುಡಾಣ ಇಷ್ಟು ಚೆನ್ನಾಗಿ ತಣಿಸಲಾರದು.

ಇನ್ನು ನೀರು ಕೊಟ್ಟವರ ಸಂಗತಿ. ಸಂಜೆ ಮೈಯೆಲ್ಲ ಬೆವರಾಗಿದ್ದರೂ ಹುಡುಗರಲ್ಲಿ ಯಾರೂ ಮನೆಗೆ ಹೊರಡಲೊಲ್ಲರು. ಇದಕ್ಕೂ ಪ್ರಯೋಗಗಳುಂಟು. ಕೆನಡಾದಲ್ಲಿ ಎಲಿಜಬೆತ್ ಡನ್ ಮತ್ತು ಸಂಗಡಿಗರು 46 ಮಂದಿಗೆ 5 ಅಥವಾ 20 ಡಾಲರು ಕೊಟ್ಟು, ಕೆಲವರಿಗೆ ತಮಗಾಗಿಯೂ ಉಳಿದವರಿಗೆ ಪರರಿಗಾಗಿಯೂ ಅದೇ ದಿನ ವೆಚ್ಚಮಾಡಲು ಹೇಳಿದರು. ಸಂಜೆ ಹೆಚ್ಚು ಸಂತೋಷದಿಂದಿದ್ದವರು ಪರರಿಗಾಗಿ ವೆಚ್ಚಮಾಡಿದವರು, ಮೊತ್ತದಿಂದ ವ್ಯತ್ಯಾಸವಾಗಲಿಲ್ಲ. ಫಲಿತಾಂಶವು 2008ರಲ್ಲಿ ಪ್ರಕಟವಾಯಿತು. ಬೇರೆ ವಿದ್ಯಾರ್ಥಿಗಳನ್ನು ಊಹಿಸಲು ಕೇಳಿದಾಗ ಹೆಚ್ಚಿನವರು ಇದಕ್ಕೆ ವಿರುದ್ಧವಾಗಿಯೇ ಹೇಳಿದ್ದರಂತೆ. 46 ಮಂದಿಯಿಂದ ನಿಯಮವೊಂದನ್ನು ಸ್ಥಾಪಿಸಲಾಗದು, ನಿಜ. ಆದರೆ ಊಹೆ ತಪ್ಪಿದ ಬಗೆ ಗಮನಾರ್ಹ.

ನಮ್ಮ ಅರವಟ್ಟಿಗೆಗೆ ಇನ್ನೂ ಹತ್ತಿರವಾದುದು ಅಮೆರಿಕದ ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿಯವರ ಪ್ರಯೋಗ. ಚಳಿಗಾಲದ ಶಿಕಾಗೊ ನಗರದಲ್ಲಿ, ಮಂಜುಗಡ್ಡೆಯ ಮೇಲೆ ಜಾರುವ ಆಟಕ್ಕೆ ಬಂದವರು ತಮಗೆ ದೊರೆತ ಬಿಸಿ ಚಾಕೊಲೇಟ್ ಪಾನೀಯವನ್ನು ಅಪರಿಚಿತರಿಗೆ ಕೊಟ್ಟರು. ತಾವು ಮಾಡಿದ್ದು ಅತ್ಯಲ್ಪವೆಂದು ಕೊಟ್ಟವರು ಬಗೆದರು. ಪಡೆದವರಿಗೆ ಅದು ಅವರೆಣಿಸಿದ್ದಕ್ಕಿಂತ ಹೆಚ್ಚು ಹಿತವೆನಿಸಿತ್ತು. "ಒಂದು ಲೋಟ ನೀರಲ್ಲವೆ, ಏನು ಮಹಾ?" ಎಂದು ನಮ್ಮ ಹುಡುಗರೂ ಅನ್ನುತ್ತಿದ್ದರು. ನೆರಳಿನಲ್ಲಿ ಕುಳಿತ ಅಜ್ಜಿಯನ್ನು ಯಾರೂ ಕೇಳಿರಲಿಲ್ಲ.

ಮುಂದಿನ ರಜೆಯಲ್ಲಿ ಅರವಟ್ಟಿಗೆ ಇಡಬಯಸುವವರು ಗುಡಾಣವನ್ನು ಗಾಳಿಯಾಡುವ ನೆರಳಿನಲ್ಲಿ, ಒದ್ದೆ ಮರಳಿನ ಮೇಲಿರಿಸಲಿ, ಬಾಯಿ ಮುಚ್ಚಿರಲಿ, ಲೋಟ ಅದ್ದದೆ ಉದ್ದ ಹಿಡಿಯ ಸೌಟಿನಿಂದ ತೆಗೆಯಲಿ. ಚಿತ್ತಾರ ಬೇಕೇಬೇಕೆನ್ನುವವರಿಗೆ ಸುಣ್ಣ, ಕೆಮ್ಮಣ್ಣುಗಳುಂಟು. ಅವು ಎಣ್ಣೆಬಣ್ಣದಂತೆ ರಂಧ್ರಗಳನ್ನು ಮುಚ್ಚಿಬಿಡುವುದಿಲ್ಲ.