ಚಿತ್ರ 'ತಗಿ', ಫೋಟೊ 'ಹಚ್ಚು': 'ಸಚಿತ್ರ' ಪದದ ಅರ್ಥ ಮತ್ತು ಬಳಕೆಯ ಕುರಿತು

ಬರಹಕ್ಕೆ ಚಿತ್ರ ಸೇರಿರುವುದನ್ನು ಸೂಚಿಸಲು ಶಿಷ್ಟ ಕನ್ನಡದಲ್ಲಿ ರೂಢಿಯಲ್ಲಿರುವ ಪದ 'ಸಚಿತ್ರ'. ಸಂಸ್ಕೃತದ 'ಸ-' ಪೂರ್ವಪದದಿಂದಾದ ಈ ವಿಶೇಷಣವು 'ಚಿತ್ರಸಹಿತ' ಎಂಬ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಕ್ರಿಯೆಯನ್ನಲ್ಲ. 'ಚಿತ್ರಿಸು' ಎಂಬ ಧಾತುವೂ ಆ ಕೊರತೆಯನ್ನು ತುಂಬಲಾರದು. ಒಂದೂ ಚಿತ್ರವಿಲ್ಲದ ಕಾದಂಬರಿಯೂ ಬದುಕನ್ನು ಚಿತ್ರಿಸಬಲ್ಲದು. ಹೀಗಾಗಿ 'ಸಚಿತ್ರವಾಗಿ ವಿವರಿಸಿ' ಎಂಬ ಸೂಚನೆಯು ಚಿತ್ರವನ್ನು ಬರೆಯಬೇಕೋ, ಸಿದ್ಧ ಚಿತ್ರವನ್ನು ಅಂಟಿಸಬೇಕೋ ಎಂಬುದನ್ನು ಸ್ಪಷ್ಟಪಡಿಸುವುದಿಲ್ಲ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆಯ ಆಡುಮಾತಿನಲ್ಲಿ ಈ ವ್ಯತ್ಯಾಸವು ಕ್ರಿಯಾಪದದಲ್ಲಿಯೇ ವ್ಯಕ್ತವಾಗುತ್ತದೆ:

(1) ವಹ್ಯಾಗ ಹೂವಿನ ಚಿತ್ರ ತಗಿ. 'ನೋಟುಪುಸ್ತಕದಲ್ಲಿ ಹೂವಿನ ಚಿತ್ರ ಬರೆ.'
(2) ಫಾರ್ಮಿಗೆ ಫೋಟೊ ಹಚ್ಚು. 'ಅರ್ಜಿಗೆ ಭಾವಚಿತ್ರ ಅಂಟಿಸು.'
(3) ವಹ್ಯಾಗಿನ ಚಿತ್ರ ತಗಿ. 'ನೋಟುಪುಸ್ತಕದಲ್ಲಿರುವ ಚಿತ್ರವನ್ನು ತೆಗೆದುಹಾಕು.'

(1)ರಲ್ಲಿ ಚಿತ್ರವು ಕ್ರಿಯೆಯ ಫಲವಾಗಿ ಹುಟ್ಟುತ್ತದೆ. ಅದರ ನೆಲೆ ಸಪ್ತಮಿಯಲ್ಲಿದೆ. (2)ರಲ್ಲಿ ಚಿತ್ರವು ಮೊದಲೇ ಇದ್ದು, ಅದು ಸೇರುವ ವಸ್ತುವು ಚತುರ್ಥಿಯನ್ನು ಪಡೆಯುತ್ತದೆ. (3)ರಲ್ಲಿ ಧಾತು ಬದಲಾಗಿಲ್ಲ. 'ವಹ್ಯಾಗ' ಎಂಬ ಕ್ರಿಯಾವಿಶೇಷಣವು 'ವಹ್ಯಾಗಿನ' ಎಂಬ ನಾಮವಿಶೇಷಣವಾದೊಡನೆ ಚಿತ್ರವು ಮೊದಲೇ ಇದೆಯೆಂದಾಗುತ್ತದೆ; ಆಗ ಮೊದಲಿಗೆ ಹೊಳೆಯುವ ಅರ್ಥ ನಿವಾರಣೆಯದು. ಅಂದರೆ ಚಿತ್ರವನ್ನು ಸೇರಿಸುವ ಧಾತುವೇ ಅದನ್ನು ಕಳೆಯುವ ಧಾತುವೂ ಆಗಿದೆ. ಇವೆರಡನ್ನು ಬೇರ್ಪಡಿಸುವುದು ವಾಕ್ಯರಚನೆ.

ನೆರೆಯ ಮರಾಠಿಯಲ್ಲಿ ಇದಕ್ಕೆ ನಿಕಟ ಸಾದೃಶ್ಯವಿದೆ. 'ಹೊರತೆಗೆ' ಎಂಬರ್ಥದ 'ಕಾಢಣೆ' ಧಾತುವೇ 'ಚಿತ್ರ ಕಾಢಣೆ'ಯಲ್ಲಿ ಚಿತ್ರ ಬರೆಯುವುದನ್ನು ಸೂಚಿಸುತ್ತದೆ. ಕನ್ನಡದ 'ಹತ್ತು–ಹಚ್ಚು' ಜೋಡಿಗೆ ಮರಾಠಿಯ 'ಲಾಗಣೆ–ಲಾವಣೆ' ಸಂವಾದಿಯಾಗಿದೆ; 'ಅಳಾಕ ಹತ್ತಿದ' ಎಂಬುದರ ಪಕ್ಕದಲ್ಲಿ 'ರಡೂ ಲಾಗಲಾ' ಎಂಬುದನ್ನು ಇಟ್ಟು ನೋಡಬಹುದು. ಸಾಂಗಲಿ ಜಿಲ್ಲೆಯ ಕುಪ್ವಾಡದ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆಗಳು ಪರಸ್ಪರ ಸಮೀಪಿಸಿರುವುದನ್ನು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿಯೇ ವಿವರಿಸಿದ್ದಾರೆ. ಆದರೆ 'ದೀಪ ಹಚ್ಚು', 'ಬಣ್ಣ ಹಚ್ಚು' ಎಂಬ ಬಳಕೆಗಳು ದಕ್ಷಿಣದ ಕನ್ನಡದಲ್ಲಿಯೂ ಇರುವುದರಿಂದ, 'ಫೋಟೊ ಹಚ್ಚು' ಎಂಬುದನ್ನು ಬರಿಯ ಅನುಕರಣೆಯೆನ್ನಲಾಗದು. ದೇಶ್ಯ ಧಾತುವಿನ ಅರ್ಥವಿಸ್ತಾರಕ್ಕೆ ಭಾಷಾಸಂಪರ್ಕವು ಇಂಬುಕೊಟ್ಟಿದೆಯೆಂಬುದು ನಮ್ಮ ಅಭಿಪ್ರಾಯ.

ಆದ್ದರಿಂದ ನಿಘಂಟುಗಳು 'ತಗಿ', 'ಹಚ್ಚು'ಗಳನ್ನು ಕೇವಲ ಪ್ರಾದೇಶಿಕ ಪರ್ಯಾಯಗಳೆಂದು ನಮೂದಿಸದೆ, ಅವುಗಳ ವಿಭಕ್ತಿವಿನ್ಯಾಸವನ್ನೂ ದಾಖಲಿಸಬೇಕು. ಪಠ್ಯದ ಸೂಚನೆಗಳಲ್ಲಿ 'ಸಚಿತ್ರ'ದ ಬದಲು 'ಚಿತ್ರ ಬರೆದು' ಅಥವಾ 'ಚಿತ್ರ ಅಂಟಿಸಿ' ಎಂಬ ಸ್ಪಷ್ಟ ಕ್ರಿಯಾರೂಪವಿದ್ದರೆ, ತನ್ನ ಮನೆಮಾತು ಈಗಾಗಲೇ ಗುರುತಿಸಿರುವ ವ್ಯತ್ಯಾಸವನ್ನು ವಿದ್ಯಾರ್ಥಿಯು ಊಹಿಸಬೇಕಾಗಿ ಬರುವುದಿಲ್ಲ.